ವಾಸನೆಯಿಲ್ಲದ ಹೊಗೆ

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ನಮ್ಮ ಹಿರಿಯರ ಮಾತು. ಊರಿನ ಗಾಳಿಸುದ್ದಿಗಳಿಗೆ ಈ ಮಾತು ಎಷ್ಟರಮಟ್ಟಿಗೆ ಅನ್ವಯಿಸುತ್ತದೋ ನಾನರಿಯೆ. ಆದರೆ ಬೆಂಕಿಯೂ ಇದ್ದು, ಹೊಗೆಯೂ ಇದ್ದು, ಆ ಹೊಗೆ ಕಣ್ಣಿಗೆ ಕಾಣದೆ ಮೂಗಿಗೂ ತಿಳಿಯದೆ ಹೋಗುವ ಸಂದರ್ಭವೊಂದಿದೆ. ಗಾದೆ ಕಟ್ಟಿದವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನನ್ನ ದುಡಿಮೆಯ ಬಹುಪಾಲು ವರ್ಷಗಳು ಸಣ್ಣ ವಿಮಾನಗಳ ಹೊಟ್ಟೆಯ ಕೆಳಗೆ, ಅವುಗಳ ಎಂಜಿನ್ನಿನ ಮಗ್ಗುಲಲ್ಲಿ ಕಳೆದವು. ಈ ಕಾಣದ ಹೊಗೆ ಎಲ್ಲಿಂದ ಒಳಗೆ ಬರುತ್ತಿದೆ ಎಂದು ಹುಡುಕುವುದು ಆ ದುಡಿಮೆಯ ಒಂದು ಭಾಗ. ಇಂಥ ವಿಷಯದ ಚರಿತ್ರೆ ಬರೆಯುವವರು ಲಂಡನ್ನಿನಿಂದಲೋ ಪ್ಯಾರಿಸ್ಸಿನಿಂದಲೋ ಆರಂಭಿಸುವುದು ರೂಢಿ. ನಾನು ದಾವಣಗೆರೆ, ಹರಿಹರಗಳಿಂದ ಆರಂಭಿಸುತ್ತೇನೆ. ಕಾರಣ ಮುಂದೆ ತಿಳಿದೀತು.

ದಾವಣಗೆರೆಯವರಿಗೆ ಹೊಗೆ ಹೊಸದಲ್ಲ. ಮಂಡಕ್ಕಿ ಭಟ್ಟಿಗಳ ಕಡೆ ಬೆಳಿಗ್ಗೆ ಹೊತ್ತು ಹೋದವರಿಗೆ ಕಣ್ಣು ಬಿಡಲಾಗದಷ್ಟು ಹೊಗೆಯ ಪರಿಚಯವಿರುತ್ತದೆ. ಬೆಣ್ಣೆದೋಸೆಯ ಹೋಟೆಲಿನಲ್ಲಿ ಸೌದೆ ಒಲೆಯ ಹತ್ತಿರದ ಬೆಂಚು ಸಿಕ್ಕಿದರೆ ಅಂಗಿಗೆಲ್ಲ ಹೊಗೆಯ ವಾಸನೆ ಹತ್ತುತ್ತದೆ. ನಾನು ಹುಡುಗನಾಗಿದ್ದಾಗ ಹತ್ತಿ ಗಿರಣಿಗಳ ಚಿಮಣಿಗಳನ್ನು ನೋಡಿಯೇ ಗಾಳಿ ಯಾವ ಕಡೆಗಿದೆಯೆಂದು ಹೇಳುತ್ತಿದ್ದೆವು. ಇಂಥ ಹೊಗೆಯಿಂದ ಒಂದು ಉಪಕಾರವಿದೆ. ಅದು ಬಂದಿದ್ದೇನೆಂದು ಹೇಳಿಯೇ ಬರುತ್ತದೆ. ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಮನುಷ್ಯ ಎದ್ದು ಹೊರಗೆ ಹೋಗುತ್ತಾನೆ. ನಾನು ಹೇಳಹೊರಟಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಈ ಸೌಜನ್ಯವಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಇದ್ದಿಲಾಗಲಿ ಪೆಟ್ರೋಲಾಗಲಿ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಅದು ಹುಟ್ಟುತ್ತದೆ.

ನಮ್ಮ ಸೀಮೆಯ ಜನ ಈ ಅನಿಲವನ್ನು, ಹೆಸರು ತಿಳಿಯದೆಯೇ, ಒಂದು ಕಾಲದಲ್ಲಿ ಬಸ್ಸಿನ ಬೆನ್ನಿಗೆ ಕಟ್ಟಿಕೊಂಡು ಊರೂರು ತಿರುಗಿದ್ದರು. ಅದು ಎರಡನೆಯ ಮಹಾಯುದ್ಧದ ಕಾಲ.

ಆ ಯುದ್ಧ ಮೈಸೂರು ಸಂಸ್ಥಾನಕ್ಕೆ ಎರಡು ಕಾರ್ಖಾನೆಗಳನ್ನು ಹೆಚ್ಚುಕಡಿಮೆ ಒಟ್ಟೊಟ್ಟಿಗೆ ತಂದುಕೊಟ್ಟಿತು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಮರುವರ್ಷ, 1941ರಲ್ಲಿ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಒಂದು ಕಡೆ ವಿಮಾನ, ಇನ್ನೊಂದು ಕಡೆ ಲೇತು. ಲೇತು ಇಲ್ಲದೆ ಯಾವ ಎಂಜಿನ್ನೂ ಆಗದು. ಹಾಗಾಗಿ ಇವೆರಡನ್ನೂ ಒಂದೇ ಮನೆತನದ ಅಣ್ಣತಮ್ಮಂದಿರಂತೆ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬೆಂಗಳೂರಿನಲ್ಲಿ ಜೋಡಿಸಿದ ಹಾರ್ಲೊ ಎಂಬ ತರಬೇತಿ ವಿಮಾನ ಹಾರಿದ್ದೂ 1941ರಲ್ಲಿಯೇ.

ಯುದ್ಧ ಕೊಟ್ಟದ್ದು ಇದಾದರೆ, ಕಿತ್ತುಕೊಂಡದ್ದು ಪೆಟ್ರೋಲನ್ನು. ಪೆಟ್ರೋಲಿಗೆ ಪಡಿತರ ಬಂತು. ಖಾಸಗಿ ಬಸ್ಸಿನವರು ಬಸ್ಸಿನ ಹಿಂದೆ ಕಬ್ಬಿಣದ ದೊಡ್ಡ ಡ್ರಮ್ಮು ಕೂರಿಸಿ, ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕಿ, ಅದರಿಂದ ಬರುವ ಅನಿಲವನ್ನು ಎಂಜಿನ್ನಿಗೆ ಕೊಟ್ಟು ಓಡಿಸತೊಡಗಿದರು. ಇದ್ದಿಲು ಬಸ್ಸು ಎಂದೇ ಅದಕ್ಕೆ ಹೆಸರು. ಡ್ರಮ್ಮಿನೊಳಗೆ ಬೇಕೆಂದೇ ಗಾಳಿ ಕಡಿಮೆ ಬಿಡುತ್ತಾರೆ. ಇದ್ದಿಲು ಪೂರ್ತಿ ಉರಿದರೆ ಎಂಜಿನ್ನಿಗೆ ಉರಿಯಲು ಏನೂ ಉಳಿಯುವುದಿಲ್ಲವಲ್ಲ! ಹೀಗೆ ಅರೆಬರೆ ಉರಿದು ಬಂದ ಅನಿಲದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕಾರ್ಬನ್ ಮಾನಾಕ್ಸೈಡ್. ಅದೇ ಅದರ ಸತ್ವ, ಅದೇ ಅದರ ವಿಷ.

ನನ್ನ ದೊಡ್ಡಪ್ಪ ಅಂಥ ಬಸ್ಸಿನಲ್ಲಿ ಮೊದಲು ಕ್ಲೀನರ್ ಆಗಿದ್ದು ಆಮೇಲೆ ಡ್ರೈವರ್ ಆದವನು. ದಾವಣಗೆರೆಯಿಂದ ಚನ್ನಗಿರಿ ಕಡೆಗೆ ಅವನ ಬಸ್ಸು. ಬೆಳಗಿನ ಜಾವ ಎದ್ದು ಡ್ರಮ್ಮಿಗೆ ಬೆಂಕಿ ಹಾಕಿ, ಕೈಯಿಂದ ತಿರುಗಿಸುವ ಬೀಸಣಿಗೆಯನ್ನು ಅರ್ಧ ತಾಸು ತಿರುಗಿಸುತ್ತಿದ್ದನಂತೆ. ಕೊಳಾಯಿಯ ಬಾಯಿಗೆ ಕಡ್ಡಿ ಗೀರಿ ಹಿಡಿದಾಗ ನೀಲಿ ಉರಿ ನಿಂತರೆ ಗ್ಯಾಸು ಪಕ್ವವಾಯಿತೆಂದು ಅರ್ಥ. ಏರು ಬಂದ ಕಡೆ ಪ್ರಯಾಣಿಕರು ಇಳಿದು ತಳ್ಳಬೇಕು. ಈ ಕಥೆಗಳನ್ನೆಲ್ಲ ಅವನು ನಗುತ್ತ ಹೇಳುತ್ತಿದ್ದ. ಒಂದು ಮಾತನ್ನು ಮಾತ್ರ ನಗದೆ ಹೇಳುತ್ತಿದ್ದ.

“ಬಸ್ಸು ಓಡೋವಾಗ ಭಯ ಇಲ್ಲಪ್ಪ, ನಿಂತಾಗ ಭಯ. ಶೆಡ್ಡಿನ ಬಾಗಲಾ ಹಾಕ್ಕೊಂಡು ಅದರ ಮಗ್ಗುಲಾಗೆ ಮಲಗಬಾರ್ದು. ಗ್ಯಾಸು ಕಣ್ಣಿಗೆ ಕಾಣಲ್ಲ. ತಲೆನೋವೇ ಅದರ ಗಂಟೆ. ಗಂಟೆ ಬಾರಿಸಿದ ಮೇಲೂ ಮಲಗಿದರೆ ಮತ್ತೆ ಏಳೋದಿಲ್ಲ.”

ಈ ಮಾತಿನ ಹಿಂದಿನ ಶಾಸ್ತ್ರ ನನಗೆ ಬಹಳ ವರ್ಷಗಳ ಮೇಲೆ ಅರ್ಥವಾಯಿತು. ಎಂಜಿನ್ ಓಡುವಾಗ ಅದು ಅನಿಲವನ್ನು ತನ್ನೆಡೆಗೆ ಎಳೆಯುತ್ತಿರುತ್ತದೆ. ಕೊಳವೆಯಲ್ಲಿ ಸಣ್ಣ ತೂತಿದ್ದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಒಳಗಿನದು ಹೊರಗೆ ಬರುವುದಿಲ್ಲ. ಬೀಸಣಿಗೆ ಊದುವಾಗ, ಇಲ್ಲವೇ ಎಂಜಿನ್ ನಿಂತು ಡ್ರಮ್ಮಿನ ಕೆಂಡ ಇನ್ನೂ ಬಿಸಿಯಾಗಿರುವಾಗ, ಅದೇ ತೂತಿನಿಂದ ಅನಿಲ ಹೊರಗೆ ಸೋರುತ್ತದೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ನನ್ನ ದೊಡ್ಡಪ್ಪ ಒತ್ತಡದ ಈ ನಿಯಮವನ್ನು ಅನುಭವದಿಂದ ಕಂಡುಕೊಂಡಿದ್ದ. ಸೋರಿಕೆ ಹುಡುಕಲು ಅವನ ಬಳಿ ಇದ್ದ ಸಾಧನ ಸೋಪಿನ ನೀರು. ಜಾಯಿಂಟಿಗೆ ಸೋಪಿನ ನೊರೆ ಸವರಿ, ಬೀಸಣಿಗೆ ತಿರುಗಿಸಿ, ಗುಳ್ಳೆ ಏಳುತ್ತದೆಯೋ ಎಂದು ನೋಡುವುದು. ಗುಳ್ಳೆ ಎದ್ದ ಕಡೆ ಕಲ್ನಾರಿನ ಹಗ್ಗ ಸುತ್ತಿ ಬೋಲ್ಟು ಬಿಗಿಯುವುದು. ಇಷ್ಟೇ.

ಇದೇ ಅನಿಲವನ್ನು ವಿದ್ವಾಂಸರು ಬೇರೆ ದಾರಿಯಿಂದ ಅಟ್ಟಿಸಿಕೊಂಡು ಬಂದಿದ್ದರು. ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ 1850ರ ದಶಕದಲ್ಲಿ ಇದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆಂದು ತೋರಿಸಿದ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರುವ ಹಮಾಲಿಯೆಂದುಕೊಳ್ಳಿ. ಆ ಹಮಾಲಿಗೆ ಈ ವಿಷದ ಮೇಲಿರುವ ಸೆಳೆತ ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಒಮ್ಮೆ ಈ ಮೂಟೆಯನ್ನು ಬೆನ್ನಿಗೇರಿಸಿಕೊಂಡರೆ ಬೇಗ ಇಳಿಸುವುದಿಲ್ಲ. ಒಳ್ಳೆಯ ಗಾಳಿಗೆ ಬಂದ ಮೇಲೂ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ತಾಸು ಬೇಕು. ಹಾಗಾಗಿ ಬೆಳಿಗ್ಗೆ ಕುಡಿದ ವಿಷ ಮಧ್ಯಾಹ್ನದ ಲೆಕ್ಕಕ್ಕೂ ಸೇರುತ್ತದೆ.

ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ ಎಂಬಾತ ಈ ಅನಿಲವನ್ನು ತಾನೇ ಸೇವಿಸಿ, ತನ್ನ ರಕ್ತವನ್ನು ಪರೀಕ್ಷಿಸಿಕೊಂಡು, ಎಷ್ಟಕ್ಕೆ ಏನಾಗುತ್ತದೆಂದು ಬರೆದಿಟ್ಟ. 1896ರಲ್ಲಿ ವೇಲ್ಸಿನ ಕಲ್ಲಿದ್ದಲು ಗಣಿಯೊಂದು ಸ್ಫೋಟಿಸಿದಾಗ ಅಲ್ಲಿಗೆ ಹೋಗಿ, ಸತ್ತವರಲ್ಲಿ ಹೆಚ್ಚಿನವರು ಸ್ಫೋಟದಿಂದ ಸತ್ತದ್ದಲ್ಲ, ಆಮೇಲಿನ ಈ ಗಾಳಿಯಿಂದ ಸತ್ತರು ಎಂದು ಕಂಡುಕೊಂಡ. ಗಣಿಗೆ ಸಣ್ಣ ಪ್ರಾಣಿಗಳನ್ನು ಒಯ್ಯಿರಿ, ಅವು ಮನುಷ್ಯನಿಗಿಂತ ಮೊದಲು ಸೋಲುತ್ತವೆ ಎಂದು ಹೇಳಿದವನೂ ಅವನೇ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಯ ಪಂಜರ 1986ರವರೆಗೂ ಇತ್ತು. ದೊಡ್ಡಪ್ಪನ ತಲೆನೋವಿನ ಗಂಟೆ, ಹಾಲ್ಡೇನನ ಹಕ್ಕಿ ಎರಡೂ ಒಂದೇ ಕೆಲಸ ಮಾಡುತ್ತಿದ್ದವು. ಅನಿಲ ಇದೆ ಎಂದು ಹೇಳುತ್ತಿದ್ದವು. ಎಲ್ಲಿಂದ ಬರುತ್ತಿದೆ ಎಂದು ಹೇಳುತ್ತಿರಲಿಲ್ಲ. ಅದನ್ನು ಮನುಷ್ಯನೇ ಹುಡುಕಬೇಕು.

ನಾನು ಹುಡುಕುವುದನ್ನು ಕಲಿತದ್ದು ಹರಿಹರದಲ್ಲಿ. ಅರವತ್ತರ ದಶಕದ ಕೊನೆಗೆ ಅಲ್ಲಿನ ಲೇತ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದೆ. ದಿನವೂ ದಾವಣಗೆರೆಯಿಂದ ಹೋಗಿ ಬರುವುದು. ಲೇತಿನ ಬೆಡ್ಡನ್ನು ಯಂತ್ರದಲ್ಲಿ ಕೊರೆದ ಮೇಲೆ ಕೈಯಿಂದ ಹೆರೆದು ಸಮ ಮಾಡುತ್ತಿದ್ದ ಕಾಲ ಅದು. ಸಮತಟ್ಟಾದ ಒಂದು ಹಲಗೆಗೆ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, ಅದನ್ನು ಬೆಡ್ಡಿನ ಮೇಲೆ ಉಜ್ಜುತ್ತಾರೆ. ನೀಲಿ ಹತ್ತಿದ ಕಡೆ ಉಬ್ಬು, ಹತ್ತದ ಕಡೆ ತಗ್ಗು. ಉಬ್ಬನ್ನು ಹೆರೆಯುವುದು, ಮತ್ತೆ ನೀಲಿ ಹಚ್ಚುವುದು, ಮತ್ತೆ ಹೆರೆಯುವುದು. ಕೂದಲೆಳೆಯ ಎಷ್ಟೋ ಪಾಲು ಸಣ್ಣ ಸಂದು ಕೂಡ ನೀಲಿಯ ಮುಂದೆ ಬಚ್ಚಿಟ್ಟುಕೊಳ್ಳಲಾರದು. ನಮಗೆ ಹೇಳಿಕೊಡುತ್ತಿದ್ದ ಹಿರಿಯ ಫಿಟ್ಟರ್ ಒಬ್ಬರು, “ಕಣ್ಣನ್ನ ನಂಬಬ್ಯಾಡ್ರೋ, ನೀಲಿಯನ್ನ ನಂಬ್ರಿ” ಎನ್ನುತ್ತಿದ್ದರು. ಕಾಣದ್ದನ್ನು ಕಾಣುವಂತೆ ಮಾಡಿ ಆಮೇಲೆ ಕೈ ಹಾಕು ಎಂಬ ಪಾಠ ಅದು. ಇಡೀ ಕಾರ್ಖಾನೆಯ ಸದ್ದು ಅಡಗಿ ಎಷ್ಟೋ ವರ್ಷಗಳಾದವು. ಪಾಠ ನನ್ನ ಕೈಯಲ್ಲಿ ಉಳಿಯಿತು.

ಅಲ್ಲಿಂದ ನಾನು ವಿಮಾನದ ಕೆಲಸಕ್ಕೆ ಹೋದದ್ದು ನನ್ನ ಊರಿನವರಿಗೆ ಬೆರಗಿನ ಸಂಗತಿಯಾಗಿತ್ತು. ವಿಮಾನವೆಂದರೆ ಅವರ ಕಣ್ಣಿಗೆ ನೂರಾರು ಜನ ಕೂರುವ ದೊಡ್ಡ ಹಕ್ಕಿ. ನನ್ನ ಪಾಲಿಗೆ ಬಂದದ್ದು ಇಬ್ಬರು ಮಗ್ಗುಲಾಗಿ ಕೂರುವ, ರೆಕ್ಕೆಗೆ ಬಟ್ಟೆ ಹೊದಿಸಿದ, ತೊಂಬತ್ತು ಅಶ್ವಶಕ್ತಿಯ ಪುಷ್ಪಕ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ತಯಾರಾದ ಈ ವಿಮಾನ ಮೊದಲು ಹಾರಿದ್ದು 1958ರ ಸೆಪ್ಟೆಂಬರ್ 28ರಂದು. ಅದಕ್ಕೂ ಮೊದಲು, 1951ರ ಆಗಸ್ಟಿನಲ್ಲಿ, ವಿ. ಎಂ. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡ ಎಚ್.ಟಿ.-2 ಅಲ್ಲಿಂದಲೇ ಹಾರಿತ್ತು. ಪುಷ್ಪಕಗಳು ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹಂಚಿಹೋದವು. ಒಂದು ತಲೆಮಾರಿನ ಪೈಲಟ್ಟುಗಳು ಅವುಗಳಲ್ಲಿ ಹಾರಾಟದ ಅಕ್ಷರಾಭ್ಯಾಸ ಮಾಡಿದರು. ಆಮೇಲೆ ಬೇರೆ ಬೇರೆ ಸಣ್ಣ ವಿಮಾನಗಳೂ ನನ್ನ ಕೈಗೆ ಬಂದವು.

ಸಣ್ಣ ವಿಮಾನದಲ್ಲಿ ಎಂಜಿನ್ನಿಗೂ ಕೂತವರ ಮೊಣಕಾಲಿಗೂ ನಡುವೆ ಇರುವುದು ಒಂದು ತೆಳುವಾದ ತಗಡಿನ ಗೋಡೆ. ಅದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ವೇಗ ಹೆಚ್ಚಿಸುವ ತಂತಿ, ಮೀಟರುಗಳ ಕೊಳವೆ, ವಿದ್ಯುತ್ತಿನ ವೈರು ಎಲ್ಲವೂ ಈ ಗೋಡೆಯನ್ನು ತೂರಿಕೊಂಡೇ ಒಳಗೆ ಬರಬೇಕು. ಪ್ರತಿ ತೂತಿಗೂ ರಬ್ಬರಿನ ಬಳೆಯೊಂದನ್ನು ತೊಡಿಸಿ ಸಂದು ಮುಚ್ಚಿರುತ್ತಾರೆ. ಮೇಲೆ ಹೋದಂತೆ ಚಳಿಯಾಗುವುದರಿಂದ ಒಳಗೆ ಬಿಸಿಗಾಳಿ ಬೇಕು. ಅದಕ್ಕೆ ಮಾಡಿರುವ ಏರ್ಪಾಡು ಬಹಳ ಸರಳ. ಸೈಲೆನ್ಸರಿನ ಸುತ್ತ ಒಂದು ತಗಡಿನ ಕವಚ ತೊಡಿಸುತ್ತಾರೆ. ಹೊರಗಿನ ತಣ್ಣನೆಯ ಗಾಳಿ ಕವಚದೊಳಗೆ ಹೊಕ್ಕು, ಕೆಂಪಗೆ ಕಾದ ಸೈಲೆನ್ಸರನ್ನು ಸವರಿ, ಬಿಸಿಯಾಗಿ ಕಾಕ್‌ಪಿಟ್ಟಿಗೆ ಬರುತ್ತದೆ. ಹೊಗೆ ಸೈಲೆನ್ಸರಿನ ಒಳಗೆ, ಉಸಿರಾಡುವ ಗಾಳಿ ಅದರ ಹೊರಗೆ. ನಡುವೆ ಉಗುರಿನಷ್ಟೂ ದಪ್ಪವಿಲ್ಲದ ಒಂದು ಉಕ್ಕಿನ ಹಾಳೆ. ಅದು ಪ್ರತಿ ಹಾರಾಟಕ್ಕೂ ಕಾಯುತ್ತದೆ, ಆರುತ್ತದೆ, ನಡುಗುತ್ತದೆ. ವರ್ಷಗಟ್ಟಲೆ ಹೀಗಾದರೆ ಎಲ್ಲೋ ಒಂದು ಕಡೆ ಬಿರುಕು ಬಿಡದೆ ಇರುತ್ತದೆಯೇ? ಬಿರುಕು ಬಿಟ್ಟರೂ ಕವಚದೊಳಗಿರುವುದರಿಂದ ಹೊರಗಿನಿಂದ ನೋಡಿದವರಿಗೆ ಕಾಣುವುದಿಲ್ಲ.

ಇಂದಿನ ಕಾರುಗಳ ಹೊಗೆಯಲ್ಲಿ ಈ ವಿಷವನ್ನು ಸುಟ್ಟುಹಾಕುವ ಸಲಕರಣೆಯಿರುತ್ತದೆ. ಸಣ್ಣ ವಿಮಾನದ ಎಂಜಿನ್ನಿಗೆ ಅದಿಲ್ಲ. ಅದು ಕುಡಿಯುವ ಪೆಟ್ರೋಲಿನಲ್ಲಿ ಸೀಸವಿರುವುದರಿಂದ ಅಂಥ ಸಲಕರಣೆ ಬಾಳುವುದೂ ಇಲ್ಲ. ಮೇಲೇರುವಾಗ ಎಂಜಿನ್ನಿಗೆ ಪೆಟ್ರೋಲನ್ನು ಧಾರಾಳವಾಗಿ ಕೊಡುತ್ತಾರೆ. ಆಗ ಹೊಗೆಯಲ್ಲಿ ನೂರಕ್ಕೆ ಐದಾರು ಪಾಲು ಕಾರ್ಬನ್ ಮಾನಾಕ್ಸೈಡ್ ಇರುವುದು ಸಾಮಾನ್ಯ. ಕಾಕ್‌ಪಿಟ್ಟಿನ ಗಾಳಿಯಲ್ಲಿ ಇರಬಹುದಾದ ಮಿತಿಯೆಂದು ವಿಮಾನ ತಯಾರಿಕೆಯ ನಿಯಮಗಳು ಹೇಳುವುದು ಇಪ್ಪತ್ತು ಸಾವಿರಕ್ಕೆ ಒಂದು ಪಾಲು. ಈ ಎರಡು ಅಂಕಿಗಳನ್ನು ಮಗ್ಗುಲಲ್ಲಿಟ್ಟು ನೋಡಿದರೆ ಎಷ್ಟು ಸಣ್ಣ ಸೋರಿಕೆ ಸಾಕೆಂಬುದು ತಿಳಿಯುತ್ತದೆ. ಅಲ್ಲದೆ ಎತ್ತರದಲ್ಲಿ ಆಮ್ಲಜನಕ ಮೊದಲೇ ತೆಳುವು. ಬಡವನ ಮನೆಗೇ ಕಳ್ಳ ನುಗ್ಗಿದ ಹಾಗೆ.

ನಾನು ಕೆಲಸ ಮಾಡಿದ ಕ್ಲಬ್ಬುಗಳಲ್ಲಿ ಒಂದರ ಸಂಗತಿ. ಹೆಸರು ಬೇಡ. ಡಿಸೆಂಬರ್ ತಿಂಗಳ ಚಳಿ. ಬೆಳಗಿನ ಹಾರಾಟ ಮುಗಿಸಿ ಬಂದ ವಿದ್ಯಾರ್ಥಿಯೊಬ್ಬ ತಲೆ ಹಿಡಿದುಕೊಂಡು ಹ್ಯಾಂಗರಿನ ಕಟ್ಟೆಯ ಮೇಲೆ ಕೂತ. ಹೊಟ್ಟೆ ತೊಳಸುತ್ತಿದೆಯೆಂದ. ಹೊಸ ಹುಡುಗರಿಗೆ ಹಾಗಾಗುವುದು ಉಂಟು. ಯಾರೋ ನಿಂಬೆಹಣ್ಣಿನ ಶರಬತ್ತು ತರಿಸಿಕೊಟ್ಟರು. ಇನ್ನೊಬ್ಬರು ರಾತ್ರಿ ಸರಿಯಾಗಿ ನಿದ್ದೆ ಮಾಡಪ್ಪ ಎಂದರು. ಅವನ ಜೊತೆಗೆ ಹೋಗಿದ್ದ ಶಿಕ್ಷಕರು ಏನೂ ಹೇಳದೆ ಆಫೀಸಿಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬಂದು ಮೆಲ್ಲಗೆ ನನ್ನ ಹತ್ತಿರ, “ನಿಮ್ಮ ಹತ್ರ ತಲೆನೋವಿನ ಗುಳಿಗೆ ಇದೆಯಾ?” ಎಂದು ಕೇಳಿದರು.

ಹುಡುಗನೊಬ್ಬನದೇ ತಲೆನೋವಾಗಿದ್ದರೆ ನಾನೂ ಗಮನಿಸುತ್ತಿರಲಿಲ್ಲವೇನೋ. ಒಂದೇ ಗಾಳಿ ಉಸಿರಾಡಿದ ಇಬ್ಬರಿಗೂ ಒಂದೇ ಹೊತ್ತಿಗೆ ತಲೆನೋವು! ಚನ್ನಗಿರಿ ರಸ್ತೆಯ ಗಂಟೆ ನನ್ನ ಕಿವಿಯಲ್ಲಿ ಬಾರಿಸಿತು. “ಸರ್, ಹೀಟರ್ ಹಾಕಿದ್ದಿರಾ?” ಎಂದು ಕೇಳಿದೆ. “ಈ ಚಳಿಯಲ್ಲಿ ಹಾಕದೆ ಇರ್ತೀವೇನ್ರೀ” ಎಂದರು. ಆ ದಿನ ಆ ವಿಮಾನಕ್ಕೆ ಇನ್ನೂ ಮೂರು ಹಾರಾಟಗಳಿದ್ದವು. ನಮ್ಮ ಚೀಫ್ ಎಂಜಿನಿಯರಿಗೆ ವಿಷಯ ತಿಳಿಸಿದೆ. ಅವರು ಮರುಮಾತಿಲ್ಲದೆ ಪುಸ್ತಕದಲ್ಲಿ ಬರೆದು ವಿಮಾನವನ್ನು ಹಾರದಂತೆ ನಿಲ್ಲಿಸಿದರು. ಮುಂದಿನ ಸರದಿಗೆ ಕಾದಿದ್ದ ಹುಡುಗರು ಮುಖ ಸಣ್ಣದು ಮಾಡಿಕೊಂಡು ಹೋದರು.

ಹುಡುಕುವ ಕ್ರಮ ಹೇಗೆಂದು ಓದುಗರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲು ಎಂಜಿನ್ನಿನ ಹೊದಿಕೆ ತೆಗೆದು ಬರಿಗಣ್ಣಿನಿಂದ ನೋಡುವುದು. ಬಿಸಿ ಹೊಗೆ ಸೋರಿದ ಕಡೆ ಬೂದಿ ಬಳಿದಂಥ ಬಿಳಿಬೂದು ಗೆರೆ ಬಿದ್ದಿರುತ್ತದೆ. ಸಿಲಿಂಡರಿಗೆ ಕೊಳವೆ ಕೂಡುವಲ್ಲಿ ಗ್ಯಾಸ್ಕೆಟ್ ಸುಟ್ಟಿದ್ದರೆ ಅಲ್ಲಿ ಮೊದಲು ಈ ಗೆರೆ ಕಾಣುತ್ತದೆ. ನಮ್ಮ ವಿಮಾನದಲ್ಲಿ ಅಂಥದೇನೂ ಇರಲಿಲ್ಲ. ಎರಡನೆಯದಾಗಿ ಸೈಲೆನ್ಸರಿನ ಕವಚ ಬಿಚ್ಚುವುದು. ಬಿಚ್ಚಿದೆವು. ಒರೆಸಿ ನೋಡಿದರೆ ಉಕ್ಕು ಚೊಕ್ಕಟವಾಗಿಯೇ ಕಂಡಿತು. ಕಣ್ಣನ್ನು ನಂಬಬೇಡ ಎಂದಿದ್ದರಲ್ಲ, ಮೂರನೆಯ ಹೆಜ್ಜೆಗೆ ಹೋದೆವು. ಕಸ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬರುವ ಬಾಯನ್ನು ಹೊಗೆ ಕೊಳವೆಯ ತುದಿಗೆ ಕಟ್ಟಿ ಮೆಲ್ಲಗೆ ಗಾಳಿ ಊದುವುದು, ಮೇಲೆಲ್ಲ ಸೋಪಿನ ನೀರು ಸವರುವುದು. ಒತ್ತಡ ಹೆಚ್ಚಾಗಬಾರದು. ಸೈಕಲ್ ಅಂಗಡಿಯವನು ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ನೋಡುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ವೆಲ್ಡಿಂಗಿನ ಅಂಚಿನಲ್ಲಿ, ಒಂದು ಅಕ್ಕಿಕಾಳಿನುದ್ದಕ್ಕೆ, ಸಾಸಿವೆಯಂಥ ಗುಳ್ಳೆಗಳು ಸಾಲಾಗಿ ಎದ್ದವು. ಗಾಳಿ ನಿಲ್ಲಿಸಿ ಒರೆಸಿದರೆ ಅಲ್ಲಿ ಏನೂ ಇಲ್ಲ. ಊದಿದರೆ ಮತ್ತೆ ಸಾಲು. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು, ಕಾದಾಗ ಬಾಯಿಬಿಡುವ ಬಿರುಕು ಅದು.

ಹುಡುಕುವವರು ಮಾಡುವ ದೊಡ್ಡ ತಪ್ಪೆಂದರೆ ಮೊದಲ ತೂತು ಸಿಕ್ಕ ಕೂಡಲೇ ಹಿಗ್ಗಿ ಹುಡುಕಾಟ ನಿಲ್ಲಿಸುವುದು ಎಂದು ನಮ್ಮ ಚೀಫ್ ಹೇಳುತ್ತಿದ್ದರು. ಸಂಜೆಯಾಗಲಿ ಎಂದು ಕಾದೆವು. ಕತ್ತಲಾದ ಮೇಲೆ ಎಂಜಿನ್ನಿನ ಕಡೆ ಒಂದು ಪ್ರಖರವಾದ ದೀಪ ಇಟ್ಟು ಹೊದಿಕೆ ಮುಚ್ಚಿದೆವು. ಹ್ಯಾಂಗರಿನ ದೀಪಗಳನ್ನೆಲ್ಲ ಆರಿಸಿದರು. ನಾನು ಕಾಕ್‌ಪಿಟ್ಟಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡು, ಕಾಲಿಡುವ ಜಾಗದಲ್ಲಿ ತಲೆ ಕೆಳಗೆ ಮಾಡಿ ಕೂತೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಆಮೇಲೆ ಫೈರ್‌ವಾಲಿನ ಎಡ ಮೂಲೆಯಲ್ಲಿ ನಕ್ಷತ್ರದ ಹಾಗೆ ಒಂದು ಚುಕ್ಕಿ ಕಂಡಿತು. ಎಂದೋ ಯಾರೋ ಹಳೆಯ ವೈರು ತೆಗೆದವರು ತೂತನ್ನು ಹಾಗೆಯೇ ಬಿಟ್ಟಿದ್ದರು. ಅದರ ಪಕ್ಕದಲ್ಲಿ ಇನ್ನೊಂದು, ಚಂದ್ರನ ಕೊರೆಯಂತೆ. ಅಲ್ಲಿ ರಬ್ಬರಿನ ಬಳೆ ಒಣಗಿ ಸೀಳಿತ್ತು. ಬೆಳಕು ನುಗ್ಗುವ ದಾರಿಯಲ್ಲಿ ಗಾಳಿಯೂ ನುಗ್ಗುತ್ತದೆ. ಹೀಟರ್ ಹಾಕದ ಬೇಸಿಗೆಯಲ್ಲಿಯೂ ಆ ವಿಮಾನದೊಳಗೆ ಎಂಜಿನ್ನಿನ ಕೋಣೆಯ ಗಾಳಿ ಬರುತ್ತಿತ್ತೆಂದು ಆಗ ತಿಳಿಯಿತು.

ದುರಸ್ತಿಯ ಮಾತಿಗೆ ಬಂದರೆ ಹೇಳುವುದು ಸ್ವಲ್ಪವೇ ಇದೆ. ಬಿರುಕುಬಿಟ್ಟ ಸೈಲೆನ್ಸರನ್ನು ತೆಗೆದು ಬೇರೆಯದನ್ನು ಹಾಕಿದೆವು. ಅಂಥ ಉಕ್ಕಿಗೆ ಬೆಸುಗೆ ಹಾಕಲು ಅದನ್ನೇ ಕಲಿತ ಕೈ ಬೇಕು, ಎಲ್ಲ ಬಿರುಕಿಗೂ ಬೆಸುಗೆ ಸಲ್ಲುವುದಿಲ್ಲ. ಕೊಳವೆ ಕೂಡುವ ಮುಖಗಳಿಗೆ ಹರಿಹರದ ನೀಲಿ ಹಚ್ಚಿ ನೋಡಿದೆ; ಒಂದು ಮುಖ ಸೊಟ್ಟಗಾಗಿತ್ತು, ಅದನ್ನು ಸಮ ಮಾಡಿ ಹೊಸ ಗ್ಯಾಸ್ಕೆಟ್ ಕೂರಿಸಿದೆವು. ಫೈರ್‌ವಾಲಿನ ತೂತಿಗೆ ತಗಡಿನ ತೇಪೆ, ಬೆಂಕಿ ತಡೆಯುವ ಲೇಪ. ರಬ್ಬರಿನ ಬಳೆಗಳನ್ನೆಲ್ಲ ಬದಲಾಯಿಸಿದೆವು, ಬಾಗಿಲಿನ ಅಂಚಿನ ರಬ್ಬರನ್ನೂ ಸಹ; ಏಕೆಂದರೆ ಹೊಗೆ ವಿಮಾನದ ಹೊಟ್ಟೆಗುಂಟ ಹಿಂದಕ್ಕೆ ಹರಿದು ಬಾಗಿಲಿನ ಸಂದಿನಿಂದಲೂ ಒಳಗೆ ಸೆಳೆಯಲ್ಪಡುತ್ತದೆ. ಇಷ್ಟು ಕೆಲಸಕ್ಕೆ ತಗಲಿದ್ದು ಎರಡು ದಿನ. ಆ ಹುಡುಗರ ಜೀವದ ಬೆಲೆಯ ಮುಂದೆ ಬಿಡಿಭಾಗಗಳ ಬಿಲ್ಲು ಹೇಳಲು ನಾಚಿಕೆಯಾಗುವಷ್ಟು ಸಣ್ಣದು.

ಈ ಕೆಲಸದಲ್ಲಿ ನಾನು ಕಲಿತ ಒಂದು ಸೋಜಿಗದ ನಿಯಮವಿದೆ. ಹೊಗೆ ಕೊಳವೆಯ ಮೇಲೆ ಬಿರುಕು ಸಿಕ್ಕಿದ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಬಾರದು. ಕೊಳವೆ ಕಾದಾಗ ಪೆನ್ಸಿಲಿನ ಇಂಗಾಲ ಉಕ್ಕಿನೊಳಕ್ಕೆ ಇಳಿದು, ಅದೇ ಗೆರೆಯ ಮೇಲೆ ಹೊಸ ಬಿರುಕು ಹುಟ್ಟುತ್ತದೆ. ಹುಡುಕಿದವನ ಗುರುತೇ ಮುಂದಿನ ಸೋರಿಕೆಯ ಬೀಜ.

ಇದೆಲ್ಲ ಹಳೆಯ ಕಾಲದ ಕಥೆ, ಈಗ ಹೀಗಾಗುವುದಿಲ್ಲ ಎಂದು ಯಾರಾದರೂ ಅಂದುಕೊಂಡರೆ ಅದು ನಿಜವಲ್ಲ. 2017ರ ಡಿಸೆಂಬರ್ 31ರಂದು ಆಸ್ಟ್ರೇಲಿಯದ ಸಿಡ್ನಿಯ ಉತ್ತರಕ್ಕೆ, ನೀರಿನ ಮೇಲೆ ಇಳಿಯುವ ಬೀವರ್ ಎಂಬ ಸಣ್ಣ ವಿಮಾನವೊಂದು ಕೊಲ್ಲಿಗೆ ಬಿದ್ದು ಪೈಲಟ್ ಮತ್ತು ಐವರು ಪ್ರಯಾಣಿಕರು ಸತ್ತರು. ಅನುಭವಿ ಪೈಲಟ್, ಒಳ್ಳೆಯ ಹವೆ. ಏಕೆ ಬಿತ್ತೆಂದು ಯಾರಿಗೂ ತಿಳಿಯಲಿಲ್ಲ. ಎರಡು ವರ್ಷಗಳಿಗೂ ಹೆಚ್ಚು ಕಾಲದ ನಂತರ, ಕಾದಿಟ್ಟಿದ್ದ ರಕ್ತವನ್ನು ಮತ್ತೆ ಪರೀಕ್ಷಿಸಿದಾಗ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತು. 2021ರ ಅಂತಿಮ ವರದಿಯ ಪ್ರಕಾರ ಹೊಗೆ ಕೊಳವೆಯ ಉಂಗುರದಲ್ಲಿ ಬಿರುಕುಗಳಿದ್ದವು. ಫೈರ್‌ವಾಲಿನ ಸಣ್ಣ ಮುಚ್ಚಳಗಳಲ್ಲಿ ಕೆಲವು ಬೋಲ್ಟುಗಳೇ ಇರಲಿಲ್ಲ. ಅದನ್ನು ಓದಿದ ದಿನ ನನಗೆ ಕತ್ತಲಲ್ಲಿ ಕಂಡ ಆ ಚುಕ್ಕಿ ನೆನಪಾಯಿತು. ಅಲ್ಲಿಯೂ ಎರಡು ದೋಷಗಳು ಕೈಹಿಡಿದಿದ್ದವು. ಬಿರುಕಿನ ಹೊಗೆಗೆ ಬೋಲ್ಟಿನ ತೂತು ದಾರಿ ಕೊಟ್ಟಿತ್ತು.

2019ರ ಜನವರಿ 21ರ ರಾತ್ರಿ ಅರ್ಜೆಂಟೀನದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇದ್ದ ಸಣ್ಣ ವಿಮಾನ ಇಂಗ್ಲಿಷ್ ಕಾಲುವೆಯಲ್ಲಿ ಮುಳುಗಿತು. ಅವನ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ 58 ಪಾಲನ್ನು ಈ ವಿಷ ಆಕ್ರಮಿಸಿತ್ತು. ನೂರಕ್ಕೆ ಐವತ್ತೆಂಟು ಹಮಾಲಿಗಳು ವಿಷ ಹೊತ್ತು ನಿಂತಿದ್ದರು ಎಂದರೆ ಉಳಿದವರು ಎಷ್ಟು ಹೊತ್ತು ದುಡಿದಾರು!

ಆಸ್ಟ್ರೇಲಿಯದ ಆ ವಿಮಾನದಲ್ಲಿ ಅನಿಲ ಪತ್ತೆಯ ಬಿಲ್ಲೆ ಇತ್ತು. ರಟ್ಟಿನ ಮೇಲೆ ಅಂಟಿಸಿದ ರಾಸಾಯನಿಕದ ಚುಕ್ಕಿ ಅದು. ಅನಿಲ ತಗುಲಿದರೆ ಕಪ್ಪಾಗುತ್ತದೆ. ನಮ್ಮ ಕಾಲದಲ್ಲಿಯೂ ಅದೇ ಇತ್ತು. ಅದರ ತೊಂದರೆ ಎರಡು. ಬಿಸಿಲಿಗೆ, ಹಳತಿಗೆ ಅದು ಸತ್ವ ಕಳೆದುಕೊಳ್ಳುತ್ತದೆ. ಅಲ್ಲದೆ ಅದು ಕೂಗುವುದಿಲ್ಲ, ಪೈಲಟ್ಟೇ ಅದರ ಕಡೆ ನೋಡಬೇಕು. ಬುದ್ಧಿ ಮಂಕಾಗುವುದೇ ಈ ವಿಷದ ಮೊದಲ ಲಕ್ಷಣವಾಗಿರುವಾಗ, ಮಂಕಾದವನು ಬಿಲ್ಲೆ ನೋಡಿ ಎಚ್ಚೆತ್ತುಕೊಳ್ಳಲಿ ಎನ್ನುವುದು ಹೇಗೆ? ಈಗ ಕೆಲವೇ ಸಾವಿರ ರೂಪಾಯಿಗೆ ಅಂಗೈಯಗಲದ, ಅಂಕಿ ತೋರಿಸುವ, ಮಿತಿ ದಾಟಿದರೆ ಕಿರುಚುವ ಯಂತ್ರ ಸಿಗುತ್ತದೆ. ನಾನು ಕಂಡ ಎಲ್ಲ ಪೈಲಟ್ಟುಗಳಿಗೂ ಅದನ್ನು ಕೊಳ್ಳಿರೆಂದು ಹೇಳುತ್ತ ಬಂದಿದ್ದೇನೆ. ಕಿರುಚಿದ ಕೂಡಲೇ ಹೀಟರ್ ನಿಲ್ಲಿಸಿ, ಹೊರಗಾಳಿಯ ಕಿಂಡಿ ತೆರೆದು, ಹತ್ತಿರದ ನೆಲಕ್ಕೆ ಇಳಿಯಬೇಕು. ಇಳಿದ ಮೇಲೆ ಗುಳಿಗೆ ನುಂಗಿ ಮತ್ತೆ ಹಾರಬಾರದು.

ಆ ಯಂತ್ರ ನಮ್ಮ ಕೆಲಸಕ್ಕೂ ಬಹಳ ನೆರವಾಗಿದೆ. ಅದನ್ನು ಹಿಡಿದು ಮೇಲೇರುವಾಗ, ನೇರ ಹಾರುವಾಗ, ಇಳಿಯುವಾಗ, ಹೀಟರ್ ಹಾಕಿ, ಹಾಕದೆ, ಕಿಂಡಿ ತೆರೆದು, ಮುಚ್ಚಿ ಅಂಕಿಗಳನ್ನು ಬರೆದುಕೊಂಡರೆ ಸೋರಿಕೆ ಯಾವ ದಿಕ್ಕಿನದೆಂದು ಅಂದಾಜು ಸಿಗುತ್ತದೆ. ಅಂದಾಜು ಮಾತ್ರ. ಹಾಲ್ಡೇನನ ಹಕ್ಕಿಯ ಹಾಗೆ ಅದೂ ಅನಿಲ ಇದೆ ಎನ್ನುತ್ತದೆ. ತೂತಿಗೆ ಬೆರಳಿಡಲು ಈಗಲೂ ಕವಚ ಬಿಚ್ಚಬೇಕು, ಸೋಪಿನ ನೀರು ಸವರಬೇಕು, ಕತ್ತಲಲ್ಲಿ ಕೂರಬೇಕು.

ಈಗ ನಾನು ದಾವಣಗೆರೆಗೆ ಹಿಂತಿರುಗಿ ನೆಲೆಸಿದ್ದೇನೆ. ವಿಮಾನಗಳಿಗೂ ನನಗೂ ಸಂಬಂಧ ಉಳಿದಿಲ್ಲ. ಆದರೂ ನೆಂಟರಿಷ್ಟರ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಬಚ್ಚಲುಮನೆಯ ಕಡೆಗೆ. ಕಿಟಕಿ ಮುಚ್ಚಿದ ಇಕ್ಕಟ್ಟಿನ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿರುತ್ತಾರೆ. ಸಿಲಿಂಡರಿನ ಗ್ಯಾಸು ಸೋರಿದರೆ ವಾಸನೆ ಬರುತ್ತದೆಂದು ಎಲ್ಲರಿಗೂ ಧೈರ್ಯ. ಆ ವಾಸನೆಯನ್ನು ಎಚ್ಚರಿಕೆಗೆಂದೇ ಬೆರೆಸಿರುತ್ತಾರೆ. ಗಾಳಿ ಸಾಲದೆ ಅದು ಅರೆಬರೆ ಉರಿದು ಹುಟ್ಟುವ ಅನಿಲಕ್ಕೆ ಯಾರೂ ವಾಸನೆ ಬೆರೆಸಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಬಿದ್ದ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ನಾವೆಲ್ಲ ಓದುತ್ತೇವೆ. ಗೀಸರನ್ನು ಬಚ್ಚಲ ಹೊರಗೆ ಗಾಳಿಯಾಡುವ ಕಡೆ ಹಾಕಿಸಿ ಎಂದರೆ ಹೆಚ್ಚಿನವರು ನಗುತ್ತಾರೆ. ಕಳೆದ ಚಳಿಗಾಲ ನನ್ನ ತಂಗಿಯ ಮಗಳೊಬ್ಬಳು ನಗದೆ ಕೇಳಿದಳು: “ಮಾವ, ಅಮ್ಮಂಗೂ ನಂಗೂ ಸ್ನಾನ ಮಾಡಿ ಬಂದ ಮೇಲೆ ಒಂದೇ ಥರ ತಲೆನೋವು ಬರುತ್ತೆ, ಯಾಕೆ?”

ಮರುದಿನವೇ ಪ್ಲಂಬರನ್ನು ಕರೆಸಿ ಗೀಸರನ್ನು ಹಿತ್ತಲಿನ ಗೋಡೆಗೆ ಹಾಕಿಸಿದೆವು. ಮುಕ್ಕಾಲು ತಾಸಿನ ಕೆಲಸ.